ಕಪ್ಪು ಉಣ್ಣೆಯ ಪೊಟ್ಟಣ

ಉಮಾಪಾಂಪಾ
ಭಾನುವಾರ, ೧೪ ನವೆಂಬರ್ ೧೯೭೬

ನನ್ನ ಮಗಳ ಧರ್ಮತಾಯಿ, ಕೊಮಾದ್ರೆ ದೋನ್ಯಾ ಎರ್ನೆಸ್ತಿನಾ ಅವರಿಗೆ ನೆಮೇಸಿಯಾ ತಾರ್ಕಿ ಬರೆಯುವುದು,

ನಿಮ್ಮ ಕಾಗದಕ್ಕೆ ಎರಡು ತಿಂಗಳು ಉತ್ತರ ಕೊಡಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ. ನಮ್ಮಲ್ಲಿ ಚಳಿಗೆ ಪೆನ್ನಿನ ಶಾಯಿಯೇ ಗಟ್ಟಿಯಾಗಿತ್ತು. ಈಗ ಮಳೆಗಾಲ ಶುರುವಾಗಿ ಗುಡ್ಡದ ಮೇಲೆ ಒಳ್ಳೆಯ ಹಿಮ ಬಿದ್ದಿದೆ. ಸ್ಕೀ ಕ್ಲಬ್ಬಿನ ಬಸ್ಸು ಲಾ ಪಾಸ್‌ನಿಂದ ಇವತ್ತೇ ಮೊದಲ ಸಲ ಬಂತು. ಡ್ರೈವರ್ ನಾಲ್ಕು ಗಂಟೆಗೆ ಹೊರಡುತ್ತಾನಂತೆ, ಅಷ್ಟರೊಳಗೆ ಬರೆದು ಅವನ ಕೈಗೆ ಕೊಡಬೇಕು.

ನಿಮ್ಮ ಪೇಟೆಯ ಜನ ಬೆಳಗಿನಿಂದ ಕಾಲಿಗೆ ಹಲಗೆ ಕಟ್ಟಿಕೊಂಡು ಬೀಳುತ್ತಿದ್ದಾರೆ. ಬೀಳುವುದು, ಏಳುವುದು, ನನ್ನ ಮೈದುನ ಸೆನೋನ್ ನಡೆಸುವ ಎಂಜಿನ್ನಿನ ಹಗ್ಗ ಹಿಡಿದು ಮತ್ತೆ ಮೇಲೆ ಹೋಗುವುದು, ಮತ್ತೆ ಬೀಳುವುದು. "ಬೀಳೋಕೆ ಅಷ್ಟು ದೂರದಿಂದ ಬರ್ಬೇಕಾ ಅತ್ಗೆ? ನಮ್ ಜೌಗಲ್ಲಿ ಇಳಿದ್ರೆ ಹಗ್ಗ ಇಲ್ದೇನೇ ಬೀಳ್ಬೋದಲ್ಲ" ಎನ್ನುತ್ತಾನೆ ಸೆನೋನ್. ಎಷ್ಟೇ ಗೇಲಿ ಮಾಡಿದರೂ ಬಂದವರೆಲ್ಲ ಕೊನೆಗೆ ನನ್ನ ಮನೆಯಲ್ಲೇ ಕೋಕಾ ಎಲೆಯ ಕಷಾಯ ಕುಡಿಯುವುದು, ತಲೆನೋವೆಂದು ನನ್ನ ಹಾಸಿಗೆಯ ಮೇಲೆ ಒರಗುವುದು.

ಬಸ್ಸಿಳಿದವರನ್ನು ಒಬ್ಬೊಬ್ಬರಾಗಿ ನೋಡಿದೆ. ಮಗಳು ಬಾಸಿಲಿಯಾ ಇರಲಿಲ್ಲ. ಮೊದಲೆಲ್ಲ ನಿಮ್ಮ ಮನೆಯವರ ಜೊತೆ ವರ್ಷಕ್ಕೊಂದು ಸಲವಾದರೂ ಬರುತ್ತಿದ್ದಳು. ಈಗ ಮೂರು ವರ್ಷದಿಂದ ಬರೀ ಕಾಗದ. ಹತ್ತು ವರ್ಷದವಳನ್ನು ಓದಿಸುತ್ತೇನೆಂದು ಕರೆದುಕೊಂಡು ಹೋದಿರಿ, ಈಗ ಅವಳಿಗೆ ಹದಿನೇಳು. ಮೊದಲ ವರ್ಷ ಊರಿಗೆ ಹೋಗುತ್ತೇನೆಂದು ಅತ್ತಾಗ ನಾನು ಏನು ಹೇಳಿ ಕಳಿಸಿದ್ದೆನೆಂದು ನಿಮಗೆ ನೆನಪಿರಬಹುದು. "ಧರ್ಮತಾಯಿ ಮನೆ ಬಿಟ್ಟು ಬಂದೋಳಿಗೆ ನನ್ನ ಮನೇಲೂ ಬಾಗಿಲಿಲ್ಲ" ಅಂದಿದ್ದೆ. ಗಟ್ಟಿ ಮಾತು ಆಡಿದ್ದಕ್ಕೆ ಅವಳೂ ಗಟ್ಟಿಯಾದಳು. ಆದರೆ ಹೆತ್ತ ಹೊಟ್ಟೆ ಕೇಳಬೇಕಲ್ಲ.

ಅವಳ ಹುಟ್ಟುಗೂದಲಿಗೆ ಮೊದಲ ಕತ್ತರಿ ಹಾಕಿ, ನಮ್ಮ ಪದ್ಧತಿಯಂತೆ ನೀವು ಅವಳ ಹೆಸರಿಗೆ ಬಿಟ್ಟಿರಲ್ಲ ಒಂದು ಹೆಣ್ಣು ಲಾಮಾ ಮರಿ, ಅದರ ಸಂತಾನ ಈಗ ಮೂವತ್ತೊಂದು. ಎಲ್ಲವೂ ಅವಳವೇ, ನನ್ನದೇನಿಲ್ಲ, ನಾನು ಕಾಯುವವಳು. ಕಾರ್ನಿವಲ್ ಹಬ್ಬದ ಭಾನುವಾರ ಅವುಗಳ ಕಿವಿಗೆ ಹೊಸ ಕುಚ್ಚು ಕಟ್ಟಬೇಕಾದವಳು ಅವಳು. ಅವಳಿಗೆ ಆಗದಿದ್ದರೆ ನೀವು. ಮೂರು ವರ್ಷದಿಂದ ನಾನೇ ಕಟ್ಟುತ್ತಿದ್ದೇನೆ, ಊರಲ್ಲಿ ಆಡಿಕೊಳ್ಳುತ್ತಾರೆ. ಈ ಸಲ ಇಬ್ಬರಲ್ಲಿ ಒಬ್ಬರಾದರೂ ಬರಲೇಬೇಕು.

ಇದರ ಜೊತೆ ಒಣಮಾಂಸ ಇದೆ. ತೊಡೆಯ ಭಾಗ ಅವಳಿಗೆ, ಉಳಿದದ್ದು ನಿಮಗೆ.

ನಿಮ್ಮ ಕೊಮಾದ್ರೆ,
ನೆಮೇಸಿಯಾ

&nbsp;

ಲಾ ಪಾಸ್
೫ ಡಿಸೆಂಬರ್ ೧೯೭೬

ಪ್ರಿಯ ನೆಮೇಸಿಯಾ,

ನಿನ್ನ ಕಾಗದ, ಒಣಮಾಂಸ ಎರಡೂ ತಲುಪಿದವು. ನಮ್ಮ ಯಜಮಾನರು ರಾಮಿರೊ ಅವರಿಗೆ ಅದರ ಸಾರು ಬಹಳ ಇಷ್ಟ. ನಿನಗಾಗಿ ಸಕ್ಕರೆ, ಕಾಫಿಪುಡಿ ಮತ್ತು ತಲೆನೋವಿನ ಮಾತ್ರೆ ಕಳಿಸಿದ್ದೇನೆ.

ಬಾಸಿಲಿಯಾ ಚೆನ್ನಾಗಿದ್ದಾಳೆ. ಓದು ಜೋರಾಗಿದೆ, ಬಿಡುವೇ ಸಿಗುವುದಿಲ್ಲ. ಎತ್ತರವಾಗಿದ್ದಾಳೆ. ಕಾರ್ನಿವಲ್‌ಗೆ ಬರುವುದರ ಬಗ್ಗೆ ಈಗಲೇ ಮಾತು ಕೊಡಲಾರೆ, ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಎಷ್ಟು ಜನ ನೆಂಟರು ಸೇರುತ್ತಾರೆಂದು ನಿನಗೆ ಗೊತ್ತು. ನನಗಂತೂ ಈಚೆಗೆ ಆ ಎತ್ತರಕ್ಕೆ ಬಂದರೆ ಉಸಿರು ಕಟ್ಟುತ್ತದೆ, ವೈದ್ಯರು ಬೇಡವೆಂದಿದ್ದಾರೆ. ಅವಳ ಕಾಗದವನ್ನು ಇದರೊಳಗೇ ಇಟ್ಟಿದ್ದೇನೆ.

ಆಶೀರ್ವಾದಗಳೊಂದಿಗೆ,
ಎರ್ನೆಸ್ತಿನಾ ಬಾಲ್ದಿವಿಯೆಸೊ

(ಒಳಗಿದ್ದ ಚೀಟಿ)

ಪೂಜ್ಯ ತಾಯಿಯವರಿಗೆ, ನಾನು ಕ್ಷೇಮವಾಗಿದ್ದೇನೆ. ನೀವೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಇಲ್ಲಿ ಎಲ್ಲರೂ ನನ್ನನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಾರೆ. ಓದಿನ ಕಾರಣದಿಂದ ಬರಲಾಗುತ್ತಿಲ್ಲ. ಬಂಧುಗಳೆಲ್ಲರಿಗೂ ನನ್ನ ನಮಸ್ಕಾರಗಳನ್ನು ತಿಳಿಸಿ. ನಿಮ್ಮ ವಿಧೇಯ ಮಗಳು, ಬಾಸಿಲಿಯಾ.

&nbsp;

ಉಮಾಪಾಂಪಾ
೯ ಜನವರಿ ೧೯೭೭

ಕೊಮಾದ್ರೆ,

ಸಕ್ಕರೆ ಬಂತು, ಒಳ್ಳೆಯದು. ಮಗಳ ಚೀಟಿಯೂ ಬಂತು. ಅದನ್ನು ಸೆನೋನನಿಗೆ ಓದಿ ಹೇಳಿದೆ. "ಪೂಜ್ಯ ತಾಯಿಯವ್ರಾ? ಯಾರಿಗೆ ಬರ್ದಿರೋದು ಇದು, ಪಾದ್ರಿಗಳ ತಾಯಿಗಾ?" ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ನಗು ನಿಂತುಹೋಯಿತು. ಪಾಠ ಜಾಸ್ತಿಯಾದರೆ ಅವ್ವ ತಾಯಿಯವರಾಗುತ್ತಾಳೇನು? ಮೊದಲಿನ ಕಾಗದಗಳಲ್ಲಿ ಒಂದೊಂದು ಪ್ರಾಣಿಯ ಹೆಸರು ಹಿಡಿದು ಕೇಳುತ್ತಿದ್ದಳು. ಕುಂಟಿ ಮರಿ ಹಾಕಿತೇ, ಬಿಳಿಮೂತಿ ಈಗಲೂ ಉಗುಳುತ್ತದೆಯೇ ಎಂದು. ಈಗ ಹತ್ತಿರಹತ್ತಿರ ಒಂದು ವರ್ಷದಿಂದ ಎಲ್ಲವೂ ನಮಸ್ಕಾರಗಳೇ.

ಈ ಭಾನುವಾರ ನಿಮ್ಮ ಯಜಮಾನರು ಬಂದಿದ್ದರು. ಕಷಾಯ ಕೊಡುತ್ತಾ ಕೇಳಿದೆ.

"ಹುಡುಗಿ ಯಾಕ್ ಬರ್ಲಿಲ್ಲ ಯಜಮಾನ್ರೇ?"

"ಪರೀಕ್ಷೆ ಇದೆಯಮ್ಮಾ ನೆಮೇಸಿಯಾ."

"ಜನವರೀಲಿ ಶಾಲೆಗೆ ರಜಾ ಅಲ್ವಾ? ಯಾವ್ ಪರೀಕ್ಷೆ?"

"ಅದೇನೋ ಬೇರೆ ಥರದ್ದು. ನಂಗೆ ಸರಿಯಾಗಿ ಗೊತ್ತಿಲ್ಲ, ಎರ್ನೆಸ್ತಿನಾನ ಕೇಳ್ಬೇಕು."

ಬೂಟಿನ ದಾರ ಕಟ್ಟಿಯೇ ಇತ್ತು, ಅದನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡರು. ಕಷಾಯ ಅರ್ಧಕ್ಕೇ ಬಿಟ್ಟು ಗುಡ್ಡಕ್ಕೆ ಹೋದವರು ಬಸ್ಸು ಹೊರಡುವವರೆಗೂ ಈಚೆ ಕಡೆ ಸುಳಿಯಲಿಲ್ಲ. ನೀವೇ ಹೇಳಿ, ಅವಳಿಗೆ ಏನಾದರೂ ಕಾಯಿಲೆಯೇ? ಏನಾದರೂ ತಪ್ಪು ಮಾಡಿದ್ದಾಳೆಯೇ? ಬಸಿರಾಗಿದ್ದರೆ ಅದನ್ನೂ ಹೇಳಿಬಿಡಿ. ನನ್ನಿಂದ ಮುಚ್ಚಿಡಬೇಡಿ. ನಾನು ಕೂಗಾಡುತ್ತೇನೆ, ಆಮೇಲೆ ಸುಮ್ಮನಾಗುತ್ತೇನೆ, ನನ್ನ ಸ್ವಭಾವ ನಿಮಗೆ ಗೊತ್ತು.

ಈ ವರ್ಷ ಜೌಗು ಚೆನ್ನಾಗಿದೆ. ದಿನಾ ಬೆಳಗ್ಗೆ ಗುದ್ದಲಿ ಹಿಡಿದು ಕಾಲುವೆಗಳ ಮಂಜುಗಡ್ಡೆ ಒಡೆದು ನೀರನ್ನು ಮೂಲೆ ಮೂಲೆಗೂ ಹರಿಸಿದ್ದೇನೆ. ಹುಲ್ಲು ದಿಂಬಿನ ಹಾಗೆ ಉಬ್ಬಿದೆ, ಪ್ರಾಣಿಗಳು ಹೊಟ್ಟೆ ತುಂಬ ಮೇಯುತ್ತಿವೆ. ಕಾಲುವೆ ತಿರುಗಿಸುವ ಕೆಲಸ ಬಾಸಿಲಿಯಾಗೆ ಮರೆತುಹೋಗದಿದ್ದರೆ ಸಾಕು, ನನ್ನ ನಂತರ ಮಾಡುವವರು ಬೇಕಲ್ಲ.

ನಿಮಗೆ ಉಸಿರು ಕಟ್ಟುವುದಾದರೆ ಬರಬೇಡಿ, ಅವಳನ್ನು ಕಳಿಸಿ. ಅದೂ ಆಗದಿದ್ದರೆ ಕುಚ್ಚಿನ ಉಣ್ಣೆಯನ್ನಾದರೂ ನಿಮ್ಮ ಕೈಯಿಂದ ಕಳಿಸಿ, ಧರ್ಮತಾಯಿಯ ಕೈಯದು ಎಂದು ಹೇಳಿ ಕಟ್ಟುತ್ತೇನೆ. ಬಣ್ಣ ಯಾವುದೆಂದು ಹೇಳಬೇಕಿಲ್ಲ, ಮೊದಲ ಕುಚ್ಚು ಕಟ್ಟಿದವರೇ ನೀವು.

ನೆಮೇಸಿಯಾ

&nbsp;

ಉಮಾಪಾಂಪಾ
೭ ಫೆಬ್ರವರಿ ೧೯೭೭

ದೋನ್ಯಾ ಎರ್ನೆಸ್ತಿನಾ,

ನಿಮ್ಮ ಪೊಟ್ಟಣ ನಿನ್ನೆ ಬಂತು.

ಡ್ರೈವರ್ ಅದನ್ನು ಕೊಟ್ಟಾಗ ಮನೆ ತುಂಬ ನಿಮ್ಮ ಕ್ಲಬ್ಬಿನವರಿದ್ದರು. ಎಲ್ಲರೆದುರೇ ಬಿಚ್ಚಿದೆ. ನನ್ನ ಮಗಳ ಕುಚ್ಚಿನ ಉಣ್ಣೆ ನೋಡಿ ಎಂದು ತೋರಿಸುವ ಜಂಬ ನನಗೆ. ನಾಲ್ಕು ಉಂಡೆ. ನಾಲ್ಕೂ ಕಪ್ಪು. ಕೆಳಗೆ ಕಾಗದ ಇದೆಯೇ ಎಂದು ನೋಡಿದೆ. ಹೊದಿಕೆಯ ಹಾಳೆಯನ್ನು ಬೆಳಕಿಗೆ ಹಿಡಿದು ಒಳಗೂ ಹೊರಗೂ ನೋಡಿದೆ. ಒಂದಕ್ಷರ ಇರಲಿಲ್ಲ.

"ಅತ್ಗೆ, ಕೂತ್ಕೋ" ಎಂದ ಸೆನೋನ್. ನಾನು ಕೂರಲಿಲ್ಲ. ನಿಂತೇ ಇದ್ದೆನಂತೆ, ಒಲೆಯ ಮೇಲಿನ ನೀರು ಪೂರ್ತಿ ಇಂಗಿ ಪಾತ್ರೆ ಸೀಯುವವರೆಗೆ. ಯಾರೋ ಹೆಂಗಸು "ಸಕ್ಕರೆ ಸಿಗುತ್ತಾ?" ಎಂದು ಕೇಳಿದಳು, ಅದೊಂದು ನೆನಪಿದೆ.

ಪ್ರಾಣಿಯ ಒಡೆಯ ಸತ್ತಾಗಲೇ ಅದರ ಕಿವಿಗೆ ಕಪ್ಪು ಕಟ್ಟುವುದು. ನಮ್ಮ ನಾಲ್ಕು ಮನೆಗಳಲ್ಲಿ ಹಾಲು ಕುಡಿಯುವ ಮಗುವಿಗೂ ಇದು ಗೊತ್ತು. ಬಾಯಿಂದ ಹೇಳಲಾರದೆ ಹೀಗೆ ತಿಳಿಸಿದಿರಿ. ನಿಮ್ಮ ಯಜಮಾನರು ಬೂಟಿನ ದಾರ ಯಾಕೆ ಕಟ್ಟಿಕೊಂಡರೆಂದು ಈಗ ಅರ್ಥವಾಯಿತು. ಆ ಚೀಟಿ ಯಾಕೆ ಹಾಗಿತ್ತೆಂದೂ ಅರ್ಥವಾಯಿತು. ಅದು ಅವಳು ಬರೆದದ್ದಲ್ಲ.

ನನಗೆ ಅಳು ಬರುತ್ತಿಲ್ಲ. ನಾನು ಕೇಳುವುದಕ್ಕಷ್ಟೇ ಉತ್ತರ ಕೊಡಿ. ಯಾವಾಗ ಸತ್ತಳು? ಏನಾಗಿತ್ತು? ನನ್ನನ್ನು ಕೇಳಿದಳೇ? ಎಲ್ಲಿ ಮಣ್ಣು ಮಾಡಿದಿರಿ? ಕಾಲಿಗೆ ಬೂಟು ಹಾಕಿ ಕಳಿಸಿದಿರೋ, ಬರಿಗಾಲಲ್ಲೋ? ಅವಳ ಕಾಲು ಬೇಗ ತಣ್ಣಗಾಗುತ್ತಿತ್ತು.

ಬರುವ ಭಾನುವಾರದ ಬಸ್ಸಿಗೆ ಈ ಕಾಗದ ಕೊಡುತ್ತೇನೆ. ಅದರ ಮುಂದಿನ ಭಾನುವಾರವೇ ಕಾರ್ನಿವಲ್. ಅಂದೇ ಕಪ್ಪು ಕಟ್ಟಿ ಅವಳ ಹಿಂಡನ್ನು ಹಂಚುತ್ತೇವೆ. ಅಷ್ಟರೊಳಗೆ ಉತ್ತರ ಬರಲಿ.

ನೆಮೇಸಿಯಾ ತಾರ್ಕಿ

&nbsp;

ಲಾ ಪಾಸ್
೧೬ ಫೆಬ್ರವರಿ ೧೯೭೭

ನೆಮೇಸಿಯಾ,

ಬಾಸಿಲಿಯಾ ಸತ್ತಿಲ್ಲ. ಸತ್ತಿದ್ದಾಳೆಂದು ನನಗೆ ಯಾರೂ ಹೇಳಿಲ್ಲ. ಇದನ್ನು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ, ಮೂರು ಹಾಳೆ ಹರಿದು ಹಾಕಿದ್ದಾಯಿತು.

ಕಪ್ಪು ಉಣ್ಣೆಗೆ ಏನರ್ಥವೂ ಇರಲಿಲ್ಲ. ದೇವರಾಣೆಗೂ ನನಗೆ ಆ ಬಣ್ಣ ನೆನಪಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ, ಸ್ಕೀ ಆಡಲು ಬಂದು ತಲೆ ಸಿಡಿಯುತ್ತ ನಿಮ್ಮ ಮನೆಯಲ್ಲಿ ಮಲಗಿದ್ದವಳು ನಾನು. ಮಗುವಿನ ಕೂದಲಿಗೆ ಕತ್ತರಿ ಹಾಕಿ ಎಂದಿರಿ, ಹಾಕಿದೆ. ಕೈಗೆ ಏನೋ ದಾರ ಕೊಟ್ಟಿರಿ, ಕಟ್ಟಿದೆ. ಈ ಸಲ ಅಂಗಡಿಯವನು ಇದೇ ಎಲ್ಲಕ್ಕಿಂತ ಒಳ್ಳೆಯ ಉಣ್ಣೆ ಎಂದ, ಬಿಳಿ ಪ್ರಾಣಿಗಳ ಮೇಲೆ ಕಪ್ಪು ಎದ್ದು ಕಾಣುತ್ತದೆಂದು ನಾನೂ ಅಂದುಕೊಂಡೆ. ಜೊತೆಗೆ ಕಾಗದ ಇಡದೇ ಇದ್ದದ್ದು, ಇನ್ನೊಂದು ಸುಳ್ಳು ಬರೆಯಲು ಕೈ ಬರಲಿಲ್ಲವೆಂದು.

ಅವಳು ನಮ್ಮ ಮನೆ ಬಿಟ್ಟು ಹೋಗಿ ಹನ್ನೊಂದೂವರೆ ತಿಂಗಳಾಯಿತು.

ಹೋದ ವರ್ಷ ಕಾರ್ನಿವಲ್‌ಗೆ ಊರಿಗೆ ಹೋಗುತ್ತೇನೆಂದಳು. "ನನ್ ಪ್ರಾಣಿಗಳಿಗೆ ನಾನೇ ಕುಚ್ಚು ಕಟ್ಬೇಕು ಅಮ್ಮಾವ್ರೇ" ಎಂದಳು. ನಾನು ನಕ್ಕೆ. "ನಲವತ್ತು ಜನ ಊಟಕ್ಕೆ ಬರ್ತಾರೆ, ಪ್ಲೇಟು ನಿನ್ ಲಾಮಾ ಬಂದು ತೊಳೆಯುತ್ತಾ?" ಎಂದೆ. ನೆಂಟರೆದುರಿಗೇ ಅಂದೆ, ಎಲ್ಲರೂ ನಕ್ಕರು. ಹಬ್ಬ ಮುಗಿದ ಬುಧವಾರ ಬೆಳಗ್ಗೆ ಅಡುಗೆಮನೆಗೆ ಹೋದರೆ ಅಷ್ಟೂ ಪ್ಲೇಟು ತೊಳೆದು, ಒರೆಸಿ, ಜೋಡಿಸಿಟ್ಟಿತ್ತು. ಅವಳಿರಲಿಲ್ಲ.

ನಿಮ್ಮ ಬಳಿಗೇ ಬಂದಿರುತ್ತಾಳೆಂದು ಒಂದು ತಿಂಗಳು ಕಾದೆ. ನಿಮ್ಮ ಕಾಗದ ಬಂದು, ಅದರಲ್ಲಿ ಮಗಳು ಹೇಗಿದ್ದಾಳೆಂದು ಕೇಳಿದ್ದು ನೋಡಿದ ಮೇಲೆ ಅವಳು ಅಲ್ಲಿಗೂ ಬಂದಿಲ್ಲವೆಂದು ತಿಳಿಯಿತು. ಸಿಕ್ಕಮೇಲೆ ಹೇಳೋಣ, ಸಿಕ್ಕಮೇಲೆ ಹೇಳೋಣ ಎಂದುಕೊಂಡು ಅವಳ ಹೆಸರಲ್ಲಿ, ಅವಳ ಅಕ್ಷರದ ಹಾಗೆಯೇ ಚೀಟಿ ಬರೆಯುತ್ತ ಹೋದೆ. ಓದಿಸಿದ್ದೂ ಅಷ್ಟಕ್ಕಷ್ಟೇ. ಎರಡು ವರ್ಷ ಸಂಜೆಶಾಲೆ, ಆಮೇಲೆ ಅದೂ ಇಲ್ಲ. ಮನೆಯಲ್ಲಿ ಕೆಲಸವಿರುತ್ತಿತ್ತು.

೨೬ ಫೆಬ್ರವರಿ. ಇದನ್ನು ಬರೆದು ಹತ್ತು ದಿನ ಚೀಲದಲ್ಲೇ ಇಟ್ಟುಕೊಂಡಿದ್ದೆ. ಹೋದ ಭಾನುವಾರ ಬೆಳಗ್ಗೆ ಬಸ್ಸಿನ ಹತ್ತಿರದವರೆಗೂ ಹೋಗಿ ವಾಪಸ್ಸು ಬಂದೆ. ನಾಳೆ ರಾಮಿರೊ ಕೈಯಲ್ಲಿ ಕೊಡುತ್ತಿದ್ದೇನೆ, ಇನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದ ಹಾಗೆ.

ಎರ್ನೆಸ್ತಿನಾ

&nbsp;

ಉಮಾಪಾಂಪಾ
೨೭ ಫೆಬ್ರವರಿ ೧೯೭೭

ಎರ್ನೆಸ್ತಿನಾ,

ನಿನ್ನ ಗಂಡ ಕಾಗದ ಕೊಟ್ಟು ಹೊರಗೆ ನಿಂತಿದ್ದಾನೆ. ಒಳಗೆ ಬಾ ಎಂದು ನಾನು ಕರೆದಿಲ್ಲ.

ಸತ್ತಿಲ್ಲ ಎಂಬ ಸಾಲಿನ ತನಕ ಓದಿ ಕಾಗದ ಕೆಳಗಿಟ್ಟೆ. ಉಳಿದದ್ದನ್ನು ಆಮೇಲೆ ಓದಿದೆ. ಹತ್ತು ದಿನ ಚೀಲದಲ್ಲಿ ಇಟ್ಟುಕೊಂಡಿದ್ದೆಯಾ? ಆ ಹತ್ತು ದಿನದಲ್ಲಿ ನಾನು ಏನು ಮಾಡಿದೆನೆಂದು ಕೇಳು.

ಹೋದ ಭಾನುವಾರ, ಇಪ್ಪತ್ತನೇ ತಾರೀಖು, ಮೂವತ್ತೊಂದು ಪ್ರಾಣಿಗಳಿಗೂ ನಾನೇ ಕಪ್ಪು ಕಟ್ಟಿದೆ. ಈ ಎರಡು ಕೈಯಿಂದ. ಕುಂಟಿಯನ್ನು ಕಡಿಸಿದೆ, ಸತ್ತವಳ ಗಂಟು ಹೊರಲು ಆಚೆ ಲೋಕದಲ್ಲಿ ಒಂದು ಪ್ರಾಣಿ ಬೇಕೆಂದು. ಉಳಿದವನ್ನು ಸೆನೋನನಿಗೂ ನನ್ನ ಇಬ್ಬರು ಸೋದರಮಾವಂದಿರಿಗೂ ಹಂಚಿದೆ. ಅವರು ತಮ್ಮ ತಮ್ಮ ಪಾಲನ್ನು ಹಗ್ಗಕ್ಕೆ ಕಟ್ಟಿ ಜೌಗಿನ ಆಚೆ ದಡಕ್ಕೆ ಹೊಡೆದುಕೊಂಡು ಹೋದರು. ಪ್ರಾಣಿಗಳು ಹೋಗಲಾರದೆ ತಿರುಗಿ ತಿರುಗಿ ನೋಡುತ್ತಿದ್ದವು. ನಿಮ್ಮ ಕ್ಲಬ್ಬಿನವರು ಅದನ್ನು ನಮ್ಮ ಹಬ್ಬವೆಂದುಕೊಂಡರು. ಹಿಮದ ಮೇಲಿಂದ ಇಳಿದು ಬಂದು ಸಾಲಾಗಿ ನಿಂತು ಫೋಟೋ ತೆಗೆದರು. ಒಬ್ಬ ಚಪ್ಪಾಳೆ ಹೊಡೆದ. ನಾನು ಆಗ ನೆಲಕ್ಕೆ ಹಣೆ ಹಚ್ಚಿ ಅಳುತ್ತಿದ್ದೆ, ಕೊನೆಗೂ ಅಳು ಬಂದಿತ್ತು.

ಬದುಕಿರುವ ಮಗಳಿಗೆ ನಾನು ಮಣ್ಣು ಹಾಕಿದೆ. ನಿನ್ನ ಉಣ್ಣೆಯಿಂದ.

ನಿನ್ನೊಬ್ಬಳನ್ನೇ ಬೈದು ಕೈ ತೊಳೆದುಕೊಳ್ಳುವುದಿಲ್ಲ. ಹನ್ನೊಂದು ತಿಂಗಳು ಅವಳು ಯಾಕೆ ನನ್ನ ಹತ್ತಿರ ಬರಲಿಲ್ಲ ಎಂಬುದಕ್ಕೆ ಉತ್ತರ ನನಗೆ ಗೊತ್ತಿದೆ. ಬಾಗಿಲಿಲ್ಲ ಎಂದು ಹೇಳಿ ಕಳಿಸಿದವಳು ನಾನು. ಅದನ್ನು ಅವಳಿಗೆ ಓದಿ ಹೇಳಿದವಳು ನೀನು.

ಕತ್ತರಿ ತೆಗೆದುಕೊಂಡು ಆಚೆ ದಡಕ್ಕೆ ಹೋಗಿ ಒಂದೊಂದೇ ಕಪ್ಪು ಕುಚ್ಚು ಕತ್ತರಿಸಿ ಬರುತ್ತೇನೆ. "ಕಟ್ಟಿದ್ ಮೇಲೆ ಬಿಚ್ಚೋ ಹಾಗಿಲ್ಲ ಅತ್ಗೆ, ಕೇಡಾಗುತ್ತೆ" ಎಂದು ಸೆನೋನ್ ಅಡ್ಡ ನಿಂತಿದ್ದಾನೆ. "ಇದಕ್ಕಿಂತ ಕೇಡು ಇನ್ಯಾವ್ದೋ ಉಳ್ದಿರೋದು?" ಎಂದೆ. ದಾರಿ ಬಿಟ್ಟ.

ನಾಳೆ ಆಲೂಗಡ್ಡೆ ಲಾರಿ ಹತ್ತಿ ಬರುತ್ತಿದ್ದೇನೆ. ಮನೆಯಲ್ಲಿರು. ಗಟ್ಟಿ ಚಪ್ಪಲಿ ಹಾಕಿಕೊಂಡಿರು. ಲಾ ಪಾಸ್‌ನ ಒಂದೊಂದು ಅಡುಗೆಮನೆಯ ಬಾಗಿಲನ್ನೂ ನೀನು ನನ್ನ ಜೊತೆ ಬಂದು ತಟ್ಟಬೇಕು.

ನೆಮೇಸಿಯಾ

&nbsp;

೧೦ ಮಾರ್ಚ್ ೧೯೭೭

ಅವ್ವಾ,

ಹೀಗೆ ಕರೆಯಬಹುದೋ ಇಲ್ಲವೋ ತಿಳಿಯದು. ಬೇರೆ ಏನೆಂದು ಕರೆಯಬೇಕೆಂದೂ ತಿಳಿಯಲಿಲ್ಲ.

ನಾನು ಬಂದಿದ್ದೆ. ಕಾರ್ನಿವಲ್ ಭಾನುವಾರ, ಕ್ಲಬ್ಬಿನ ಬಸ್ಸಲ್ಲೇ. ನಾನು ಕೆಲಸ ಮಾಡುವ ಮನೆಯವರು ಸ್ಕೀ ಕಲಿಯಲು ಹೊರಟಿದ್ದರು. ಹಲಗೆ ಹೊರಲು ನಾನು ಬರುತ್ತೇನೆಂದು ಕೇಳಿಕೊಂಡೆ. ಒಂದು ವರ್ಷದಿಂದ ಧೈರ್ಯ ಕೂಡಿಸಿಕೊಂಡಿದ್ದೆ. ಅವ್ವ ನಾಲ್ಕು ಬಾರಿಸುತ್ತಾಳೆ, ಬಾರಿಸಲಿ, ಆಮೇಲೆ ಊಟ ಹಾಕುತ್ತಾಳೆ ಅಂದುಕೊಂಡೆ. ಕೆಂಪು, ಹಳದಿ ಉಣ್ಣೆಯನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ.

ಕೂದಲು ಕತ್ತರಿಸಿದ್ದೇನೆ, ಪ್ಯಾಂಟು ಹಾಕಿದ್ದೆ. ಎಂಜಿನ್ ಹತ್ತಿರ ಸೆನೋನ್ ಚಿಕ್ಕಪ್ಪ ನನ್ನ ಮುಖ ನೋಡಿಯೂ "ಹಗ್ಗ ಗಟ್ಟಿಯಾಗ್ ಹಿಡ್ಕೊಳಮ್ಮ, ಪೇಟೆಯೋರ ಕೈ ಮೆತ್ತಗಿರುತ್ತೆ" ಎಂದ. ಗುರುತು ಹಿಡಿಯಲಿಲ್ಲ. ನಗು ಬಂತು. ಮೊದಲು ನಿನ್ನನ್ನು ನೋಡಿ, ಆಮೇಲೆ ಅವನನ್ನು ಆಡಿಸೋಣ ಎಂದು ಸುಮ್ಮನಾದೆ. ಮನೆಯವರ ಹಲಗೆ ಮುಟ್ಟಿಸಲು ಮೇಲೆ ಹೋಗಿ, ದಿಬ್ಬದ ಅಂಚಿನಿಂದ ಕೆಳಗೆ ನೋಡಿದೆ. ಪ್ರಾಣಿಗಳೆಲ್ಲ ಮನೆಯ ಮುಂದೆ ಸೇರಿದ್ದವು. ಕಿವಿಯಲ್ಲಿ ಕಪ್ಪು ಇತ್ತು.

ಮೊದಲು ಯಾರು ಸತ್ತರೆಂದು ನೋಡಿದೆ. ನೀನಿದ್ದೆ, ಎಂಜಿನ್ ನಿಲ್ಲಿಸಿ ಬಂದ ಚಿಕ್ಕಪ್ಪ ಇದ್ದ, ಅಜ್ಜಂದಿರಿದ್ದರು. ಬಿಳಿಮೂತಿಯನ್ನು ನೋಡಿದ ಮೇಲೆ ಗೊತ್ತಾಯಿತು, ಅವು ನನ್ನವು. ಸತ್ತವಳು ನಾನೇ.

ಧರ್ಮತಾಯಿಯ ಮನೆ ಬಿಟ್ಟವಳಿಗೆ ಬಾಗಿಲಿಲ್ಲವೆಂದು ನೀನು ಮೊದಲೇ ಹೇಳಿದ್ದೆ. ಆದರೆ ಬದುಕಿರುವಾಗಲೇ ಕಪ್ಪು ಕಟ್ಟಿಸುವಷ್ಟು ಸಿಟ್ಟು ಇರುತ್ತದೆಂದು ನನಗೆ ಅನಿಸಿರಲಿಲ್ಲ. ಪಕ್ಕದಲ್ಲಿ ಒಬ್ಬರು ಎಷ್ಟು ಚೆನ್ನಾಗಿದೆ ಎಂದು ಫೋಟೋ ತೆಗೆಯುತ್ತಿದ್ದರು. ನನಗೆ ವಾಂತಿಯಾಯಿತು. ಎತ್ತರಕ್ಕೆ ಹೀಗಾಗುತ್ತದೆಂದು ಹೇಳಿ ಬಸ್ಸಲ್ಲಿ ಮಲಗಿಸಿದರು. ಬಸ್ಸು ಹೊರಡುವವರೆಗೂ ನಿನ್ನ ಅಳು ಕೇಳಿಸುತ್ತಿತ್ತು. ಸಿಟ್ಟಿರುವವಳು ಯಾಕೆ ಅಳುತ್ತಾಳೆಂದು ಈಗಲೂ ಯೋಚಿಸುತ್ತೇನೆ, ಅರ್ಥವಾಗುವುದಿಲ್ಲ.

ಕಪ್ಪು ಕಟ್ಟಿದ ಮೇಲೆ ಆ ಹೆಸರನ್ನು ಅಲ್ಲಿ ಯಾರೂ ಕೂಗುವಂತಿಲ್ಲ, ಆ ಹೆಸರಿನವರೂ ತಿರುಗಿ ಬರುವಂತಿಲ್ಲ ಎಂದು ನನಗೆ ಗೊತ್ತು. ಯಾರೂ ಹುಡುಕಬೇಡಿ. ವಿಳಾಸ ಬರೆದಿಲ್ಲ. ನಾನು ಕಳ್ಳತನ ಮಾಡಲಿಲ್ಲ, ಕೆಟ್ಟ ದಾರಿ ಹಿಡಿಯಲಿಲ್ಲ. ಧರ್ಮತಾಯಿ ನನ್ನನ್ನು ಕೆಲಸಕ್ಕೆ ಮಾತ್ರ ಇಟ್ಟುಕೊಂಡಿದ್ದರು, ಅದಕ್ಕೆ ಅವರ ಮನೆ ಬಿಟ್ಟೆ. ಇಷ್ಟು ಹೇಳಬೇಕೆನಿಸಿತು.

ಒಂದೇ ಒಂದು ಕೇಳುತ್ತೇನೆ. ಬಿಳಿಮೂತಿಯನ್ನು ಸೆನೋನ್ ಚಿಕ್ಕಪ್ಪನಿಗೆ ಕೊಟ್ಟಿದ್ದರೆ ವಾಪಸ್ಸು ತೆಗೆದುಕೋ. ಅದು ಉಗುಳುತ್ತದೆ, ಅವನು ಹೊಡೆಯುತ್ತಾನೆ.

ಬಾಸಿಲಿಯಾ ಆಗಿದ್ದವಳು

&nbsp;

ಲಾ ಪಾಸ್
೨೧ ಮಾರ್ಚ್ ೧೯೭೭

ಬೆಳಗಿನ ಐದು ಗಂಟೆಗೆ ರೇಡಿಯೋದಲ್ಲಿ ಊರವರ ಕಾಗದಗಳನ್ನು ಓದುವ ಯಜಮಾನರಿಗೆ,

ನಾನು ಉಮಾಪಾಂಪಾದ ನೆಮೇಸಿಯಾ ತಾರ್ಕಿ, ಲಾಮಾ ಕಾಯುವವಳು. ಮೂರು ವಾರದಿಂದ ಈ ಪೇಟೆಯಲ್ಲಿ ಮಗಳನ್ನು ಹುಡುಕುತ್ತಿದ್ದೇನೆ. ಸಂತೆಗಳನ್ನು ಸುತ್ತಿದೆ, ಆಸ್ಪತ್ರೆಗಳಲ್ಲಿ ಕೇಳಿದೆ, ಸ್ಕೀ ಕ್ಲಬ್ಬಿನವರ ಒಂದೊಂದು ಮನೆಗೂ ಹೋಗಿ ಬಂದೆ. ಅವಳು ಊರಿಗೆ ಬಂದುಹೋದ ಕಾರ್ನಿವಲ್ ದಿನ ಬಸ್ಸಿನಲ್ಲಿ ಕ್ಲಬ್ಬಿಗೆ ಸೇರದ ಹೊಸಬರೂ ಬಹಳ ಇದ್ದರಂತೆ, ಅವರ ಹೆಸರು ಯಾರಿಗೂ ತಿಳಿಯದು. ಅವಳ ಕಾಗದವನ್ನು ಸೊಪ್ಪು ಮಾರುವ ಹೆಂಗಸೊಬ್ಬಳು ನಮ್ಮ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಹೋದಳು, ಅವಳೂ ಮತ್ತೆ ಸಿಕ್ಕಿಲ್ಲ. ಮನೆಗೆಲಸದವರು ಒಲೆ ಹಚ್ಚುವ ಹೊತ್ತಿಗೆ ನಿಮ್ಮ ಕಾರ್ಯಕ್ರಮ ಹಾಕಿರುತ್ತಾರೆಂದು ಎಲ್ಲರೂ ಹೇಳಿದರು.

ಇದನ್ನು ರೇಡಿಯೋಗೆ ಕೊಡುತ್ತೇನೆಂದು ತಿಳಿದು ನನ್ನ ಮೈದುನ ಹೇಳಿ ಕಳಿಸಿದ್ದಾನೆ. ನಮ್ಮೂರಲ್ಲೂ ರೇಡಿಯೋ ಇದೆ, ಕಪ್ಪು ಕಟ್ಟಿದವಳ ಹೆಸರು ಹುಲ್ಲುಗಾವಲಿನಲ್ಲಿ ಕೇಳಿಸಿದರೆ ಹಿಂಡು ಸಾಯುತ್ತದೆ ಎಂದು. ಅವನ ಭಯ ಸುಳ್ಳಲ್ಲ, ಆ ಭಯದಲ್ಲೇ ನಾನೂ ಬೆಳೆದವಳು. ನೀವು ಅವಳ ಹೆಸರು, ಅವಳಪ್ಪನ ಮನೆತನದ ಹೆಸರು ಎರಡನ್ನೂ ಬಿಡದೆ ಓದಿ.

ನನ್ನ ಕೊಮಾದ್ರೆ ಪಕ್ಕದಲ್ಲೇ ಕೂತಿದ್ದಾಳೆ. ಮೂರು ವಾರ ನನ್ನ ಜೊತೆ ನಡೆದು ಅವಳ ಕಾಲಿಗೆ ಬೊಬ್ಬೆ ಬಂದಿದೆ. ತನ್ನದೂ ಒಂದು ಸಾಲು ಸೇರಿಸು ಎನ್ನುತ್ತಾಳೆ. ಸೇರಿಸುವುದಿಲ್ಲ. ಮಗಳ ಹೆಸರಲ್ಲಿ ಅವಳು ಬರೆದದ್ದು ಸಾಕು.

ಕೆಳಗಿನದನ್ನು ನಾನು ಮಾತಾಡುವ ಹಾಗೆಯೇ ಓದಿ, ತಿದ್ದಬೇಡಿ.

"ಬಾಸಿಲಿಯಾ. ಬಾಸಿಲಿಯಾ ಕಾಯಿಸಾಯಾ. ನಿಮ್ಮವ್ವ ಮಾತಾಡ್ತಿರೋದು. ನಿನ್ ಮೇಲೆ ಸಿಟ್ಟಾಗಿ ಕಪ್ಪು ಕಟ್ಲಿಲ್ಲ ಕಣೇ. ನೀನು ಸತ್ತೋದೆ ಅಂದ್ಕೊಂಡೆ. ಎರ್ನೆಸ್ತಿನಾ ಗೊತ್ತಿಲ್ದೆ ಕಪ್ಪು ಉಣ್ಣೆ ಕಳ್ಸಿದ್ಲು, ಅದ್ ನೋಡಿ ನಂಬ್ಬಿಟ್ಟೆ. ಸತ್ತೋದೆ ಅಂತ ಅತ್ತೆ, ಅದೇ ನೀನು ಕೇಳಿಸ್ಕೊಂಡಿದ್ದು. ನೀನು ಮೇಲ್ ನಿಂತಿದ್ದೆ, ನಾನು ತಲೆ ಎತ್ತಿ ನೋಡ್ಲಿಲ್ಲ. ಆ ಬಾಗ್ಲಿನ ಮಾತು ಅಂದಿದ್ದು ನಾನೇ. ತಪ್ಪಾಯ್ತು. ನನ್ ನಾಲ್ಗೆಗಿಷ್ಟು ಬೆಂಕಿ ಹಾಕ. ಕಪ್ಪೆಲ್ಲಾ ಕತ್ತರ್ಸಿ ಬಿಸಾಕಿದೀನಿ. ನಿನ್ ಹಿಂಡು ಮತ್ತೆ ನಮ್ ಹಟ್ಟೀಲೇ ಇದೆ, ಕುಂಟಿ ಒಂದಿಲ್ಲ, ಅದನ್ನ ನಾನೇ ಕಡ್ಸ್ದೆ, ಬಂದು ಬೈಯಿ. ನಿನ್ ಕೆಲ್ಸದ ಮನೆಯೋರ್ಗೆ ಹೇಳು, ನಮ್ಮವ್ವ ಕ್ಲಬ್ ಬಸ್ ನಿಲ್ಲೋ ಜಾಗದಲ್ಲಿ ದಿನಾ ಕೂತಿರ್ತಾಳೆ ಅಂತ. ಬೆಳಗ್ಗೆಯಿಂದ ಸಂಜೆ ತನಕ ಅಲ್ಲೇ ಇರ್ತೀನಿ. ಸುಮ್ನೆ ಬಾ. ಏನೂ ಕೇಳೋದಿಲ್ಲ."

ಇಷ್ಟೇ. ಒಂದು ಸಲ ಓದಿ ಬಿಟ್ಟುಬಿಡಬೇಡಿ ಯಜಮಾನರೇ, ಎರಡು ಮೂರು ಸಲ ಓದಿ, ನಿಧಾನವಾಗಿ ಓದಿ. ಆ ಹೊತ್ತಿನಲ್ಲಿ ಅವಳು ಪಾತ್ರೆ ತೊಳೆಯುತ್ತಿರುತ್ತಾಳೆ. ನಲ್ಲಿಯ ಸದ್ದಿಗೆ ಮೊದಲ ಸಲ ಕೇಳಿಸದೇ ಹೋಗಬಹುದು.

ನೆಮೇಸಿಯಾ ತಾರ್ಕಿ